ಅಂಬಾಸಿಡರ್‌ನ ಹಿಂದಿನ ಡಿಫರೆನ್ಷಿಯಲ್: ಬದಲಿಸುವ ಮುನ್ನ, ಬದಲಿಸುವಾಗ

ಮೈಸೂರಿನಿಂದ ಹೊರಟು ಕಡಕೊಳ ದಾಟಿ ನಂಜನಗೂಡಿನ ಕಡೆಗೆ ಸಾಗುತ್ತಿದ್ದೀರಿ. ವೇಗ ಐವತ್ತಕ್ಕೆ ಬರುತ್ತಿದ್ದಂತೆ ಹಿಂದಿನ ಸೀಟಿನ ಕೆಳಗಿಂದ ‘ಕೊಂಯ್’ ಎಂಬ ಸದ್ದು ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಸದ್ದು ಏರುತ್ತದೆ, ಕಾಲು ಸಡಿಲಿಸಿದರೆ ದನಿ ಬದಲಾಗುತ್ತದೆ. ಮೊದಲನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ‘ಟಕ್’ ಎಂಬ ಪೆಟ್ಟು ಬೇರೆ. ಹಳೆಯ ಅಂಬಾಸಿಡರ್ ಇಟ್ಟುಕೊಂಡವರಿಗೆಲ್ಲ ಇದು ಒಂದಲ್ಲ ಒಂದು ದಿನ ಎದುರಾಗುವ ತೊಂದರೆ. ಗ್ಯಾರೇಜಿಗೆ ಹೋದರೆ ‘ಕ್ರೌನ್ ಪಿನಿಯನ್ ಹೋಗಿದೆ, ಡಿಫರೆನ್ಷಿಯಲ್ ಬಿಚ್ಚಬೇಕು’ ಎನ್ನುತ್ತಾರೆ. ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಕ್ರೌನ್ ಪಿನಿಯನ್ ಹುಡುಕುವುದು ಕಷ್ಟ. ಹಳೆಯದನ್ನು ಸರಿಯಾಗಿ ಹೊಂದಿಸಬಲ್ಲ ಕೈಗಳೂ ಕಡಿಮೆಯಾಗುತ್ತಿವೆ.

ನನ್ನ ಸಲಹೆ ನೇರವಾಗಿದೆ. ಕ್ರೌನ್ ಪಿನಿಯನ್ ಅನ್ನು ಮನೆಯಂಗಳದಲ್ಲಿ ಬಿಡಿಬಿಡಿಯಾಗಿ ಬಿಚ್ಚಲು ಹೋಗಬೇಡಿ. ಚೆನ್ನಾಗಿರುವ ಇನ್ನೊಂದು ಡಿಫರೆನ್ಷಿಯಲ್ಲನ್ನು ಅದರ ಕ್ಯಾರಿಯರ್ ಸಮೇತ ಇಡಿಯಾಗಿ ತಂದು ಕೂರಿಸಿ. ಈ ಕಾರಿನ ಹಿಂದಿನ ಆಕ್ಸಲ್ ವಿನ್ಯಾಸವೇ ಅದಕ್ಕೆ ಅನುಕೂಲವಾಗಿದೆ. ಆದರೆ ತರುವ ಮುನ್ನ ಹಲ್ಲು ಎಣಿಸಿ. ಈ ಎರಡು ಮಾತುಗಳಲ್ಲಿ ಕೆಲಸದ ಮುಕ್ಕಾಲು ಪಾಲು ಮುಗಿಯುತ್ತದೆ.

ಒಳಗೆ ನಡೆಯುವುದೇನು

ಎಂಜಿನ್ನಿನ ತಿರುಗು ಪ್ರಾಪೆಲ್ಲರ್ ಶಾಫ್ಟ್ ಮೂಲಕ ಹಿಂದಕ್ಕೆ ಬರುತ್ತದೆ. ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಗೇರು, ಅದು ತಿರುಗಿಸುವುದು ಕ್ರೌನ್ ವೀಲ್ ಎಂಬ ದೊಡ್ಡ ಗೇರನ್ನು. ತಿರುಗಿನ ದಿಕ್ಕು ಇಲ್ಲಿ ಅಡ್ಡಕ್ಕೆ ಹೊರಳುತ್ತದೆ, ವೇಗ ಇಳಿಯುತ್ತದೆ, ಬಲ ಏರುತ್ತದೆ. ಕ್ರೌನ್ ವೀಲಿನ ಒಳಗಿರುವ ಪುಟ್ಟ ಗೇರುಗಳ ಗುಂಪು ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು, ಒಳಗಿನದು ಕಡಿಮೆ ಸುತ್ತುವಂತೆ ನೋಡಿಕೊಳ್ಳುತ್ತದೆ. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕರ್ ತನ್ನ ಉಗಿ ಗಾಡಿಗಾಗಿ ಪೇಟೆಂಟ್ ಪಡೆದ ಉಪಾಯವೇ ಇವತ್ತಿಗೂ ನಡೆಯುತ್ತಿದೆ.

ಅಂಬಾಸಿಡರ್ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ 3ನೇ ಸರಣಿಯಿಂದ ಬಂದ ಕಾರು. ಅದರ ಆಕ್ಸಲ್ ಬಿಎಂಸಿ ಕಂಪನಿಯ ಬ್ಯಾಂಜೋ ಮಾದರಿಯದು. ನಡುವೆ ಗುಂಡಗೆ ಉಬ್ಬಿದ ಹೌಸಿಂಗ್, ಎರಡು ಕಡೆ ಕೊಳವೆ. ಪಿನಿಯನ್, ಕ್ರೌನ್ ವೀಲ್, ಬೇರಿಂಗ್ ಎಲ್ಲವೂ ಒಂದೇ ಎರಕದ ಕ್ಯಾರಿಯರ್‌ನಲ್ಲಿ ಕೂತಿರುತ್ತವೆ. ಆ ಕ್ಯಾರಿಯರ್ ಹೌಸಿಂಗಿನ ಮುಂಭಾಗಕ್ಕೆ ನಟ್ಟುಗಳಿಂದ ಬಿಗಿದಿರುತ್ತದೆ. ಗೇರುಗಳು ಎಷ್ಟು ಆಳಕ್ಕೆ ಕಚ್ಚಬೇಕು, ಬೇರಿಂಗ್ ಎಷ್ಟು ಬಿಗಿಯಿರಬೇಕು ಎಂಬ ಸೂಕ್ಷ್ಮ ಅಳತೆಯೆಲ್ಲ ಕ್ಯಾರಿಯರ್ ಒಳಗೇ ಇದೆ, ಹೌಸಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಕ್ಯಾರಿಯರ್ ಇಡಿಯಾಗಿ ಬದಲಾದರೆ ಆ ಅಳತೆಗಳೂ ಕದಲದೆ ಅದರ ಜೊತೆಗೇ ಬರುತ್ತವೆ.

ಇನ್ನೊಂದು ವಿಷಯ ಗಮನದಲ್ಲಿರಲಿ. ಕ್ರೌನ್ ವೀಲ್ ಮತ್ತು ಪಿನಿಯನ್ ಅನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸುತ್ತಾರೆ. ಒಂದರ ಹಲ್ಲು ಇನ್ನೊಂದರ ಹಲ್ಲಿಗೆ ಮಾತ್ರ ಪಳಗಿರುತ್ತದೆ. ಒಂದು ಕಾರಿನ ಪಿನಿಯನ್, ಮತ್ತೊಂದರ ಕ್ರೌನ್ ಸೇರಿಸಿ ಹಾಕಿದರೆ ಎಷ್ಟೇ ಶಿಮ್ (ತೆಳು ಬಿಲ್ಲೆ) ಇಟ್ಟರೂ ಸದ್ದು ಹೋಗುವುದಿಲ್ಲ.

ಸದ್ದು ಡಿಫರೆನ್ಷಿಯಲ್‌ನದೇ ಎಂದು ಖಚಿತಪಡಿಸಿಕೊಳ್ಳಿ

ಡಿಫರೆನ್ಷಿಯಲ್ ಬದಲಿಸಿದ ಮೇಲೂ ಸದ್ದು ಹಾಗೇ ಉಳಿದ ಉದಾಹರಣೆಗಳು ಬೇಕಾದಷ್ಟಿವೆ. ತಪ್ಪು ಭಾಗದ ಮೇಲೆ ಹಣ ಸುರಿಯುವ ಮುನ್ನ ಸಮತಟ್ಟಾದ ರಸ್ತೆಯಲ್ಲಿ ಕಿವಿಗೊಟ್ಟು ಓಡಿಸಿ ನೋಡಿ.

ಎಂಜಿನ್ ಎಳೆಯುವಾಗ ಮಾತ್ರ ಕೊಂಯ್ ಎಂದರೆ ಹಲ್ಲಿನ ಎಳೆಯುವ ಮುಖ ಸವೆದಿದೆ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಊಳಿಟ್ಟರೆ ಹಿಂಬದಿಯ ಮುಖ ಸವೆದಿದೆ, ಇಲ್ಲವೇ ಪಿನಿಯನ್ ಬೇರಿಂಗ್ ಸಡಿಲವಾಗಿದೆ. ಎರಡೂ ಸ್ಥಿತಿಯಲ್ಲಿ ಒಂದೇ ತೆರನಾದ ಗರಗರ ಕೇಳಿದರೆ ಬೇರಿಂಗ್ ಮೇಲೆ ಅನುಮಾನ ಪಡಿ. ನೇರ ರಸ್ತೆಯಲ್ಲಿ ಮೌನವಾಗಿದ್ದು ತಿರುವಿನಲ್ಲಿ ಮಾತ್ರ ಸದ್ದು ಬಂದರೆ ಒಳಗಿನ ಪುಟ್ಟ ಗೇರುಗಳದು ಇಲ್ಲವೇ ಚಕ್ರದ ಬೇರಿಂಗಿನದು.

ವೇಗ ಬದಲಿಸದೆ ಕಾರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ವಾಲಿಸಿದಾಗ ಸದ್ದು ಏರಿಳಿದರೆ ಅದು ಚಕ್ರದ ಬೇರಿಂಗ್. ಡಾಂಬರು ಬಿಟ್ಟು ಕಾಂಕ್ರೀಟಿಗೆ ಹತ್ತಿದ ಕೂಡಲೇ ದನಿ ಬದಲಾದರೆ ಟೈರು. ಇನ್ನು ಆ ‘ಟಕ್’ ಎಂಬ ಪೆಟ್ಟು ಬಹುಪಾಲು ಪ್ರಾಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟಿನದು. ಕಾರನ್ನು ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಕೆಳಗೆ ನುಗ್ಗಿ ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ. ಜಾಯಿಂಟಿನ ಒಂದು ಕಡೆ ಅಲುಗಿ ಇನ್ನೊಂದು ಕಡೆ ಅಲುಗದಿದ್ದರೆ ತಪ್ಪಿತಸ್ಥ ಸಿಕ್ಕಂತೆ. ಜಾಯಿಂಟ್ ಬದಲಿಸುವುದು ಕಡಿಮೆ ಖರ್ಚಿನ ಕೆಲಸ, ಅದನ್ನು ಮೊದಲು ಮಾಡಿ.

ಎಣ್ಣೆಯ ಮಟ್ಟವನ್ನೂ ನೋಡಿ. ಪಿನಿಯನ್ ಸೀಲಿನಿಂದ ವರ್ಷಗಟ್ಟಲೆ ಒಸರಿ ಎಣ್ಣೆ ಕಡಿಮೆಯಾದ ಡಿಫರೆನ್ಷಿಯಲ್ಲುಗಳು ಎಣ್ಣೆ ತುಂಬಿದ ಮೇಲೆ ಸುಮ್ಮನಾಗುವುದುಂಟು. ಆದರೆ ಎಣ್ಣೆಯಲ್ಲಿ ಉಗುರಿನಷ್ಟು ಲೋಹದ ಚೂರು ಸಿಕ್ಕಿದರೆ ಆ ಕಾರನ್ನು ಮುಂದಕ್ಕೆ ಓಡಿಸಲೇಬೇಡಿ.

ಹಲ್ಲು ಎಣಿಸಿ

ಡಿಫರೆನ್ಷಿಯಲ್ ಖರೀದಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಹೊರಗಿನಿಂದ ಒಂದೇ ರೀತಿ ಕಾಣುವ ಕ್ಯಾರಿಯರ್‌ಗಳ ಒಳಗೆ ಬೇರೆ ಬೇರೆ ಅನುಪಾತದ ಗೇರುಗಳಿರುತ್ತವೆ. ಕ್ರೌನ್ ವೀಲಿನ ಹಲ್ಲಿನ ಸಂಖ್ಯೆಯನ್ನು ಪಿನಿಯನ್ ಹಲ್ಲಿನ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಬಿಎಂಸಿಯ ಈ ಕುಟುಂಬದ ಆಕ್ಸಲ್‌ಗಳಲ್ಲಿ 8ಕ್ಕೆ 39 ಹಲ್ಲು ಅಂದರೆ 4.875, 9ಕ್ಕೆ 41 ಅಂದರೆ 4.56, 10ಕ್ಕೆ 43 ಅಂದರೆ 4.3, ಹೀಗೆ ಹಲವು ಜೋಡಿಗಳು ಬಳಕೆಯಲ್ಲಿದ್ದವು. ಮೂಲ ಮೋರಿಸ್ ಆಕ್ಸ್‌ಫರ್ಡ್‌ನಲ್ಲಿದ್ದದ್ದು 4.875.

ಅಂಕಿ ಸಣ್ಣದಾದಷ್ಟೂ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ. 15 ಇಂಚಿನ ಹಳೆಯ ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 2 ಮೀಟರ್ ಸಾಗುತ್ತದೆ ಎಂದಿಟ್ಟುಕೊಳ್ಳಿ. ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತುವಾಗ 4.875ರಲ್ಲಿ ವೇಗ ಗಂಟೆಗೆ ಸುಮಾರು 74 ಕಿ.ಮೀ., 4.56ರಲ್ಲಿ 79, 4.3ರಲ್ಲಿ 84. ಮೈಸೂರು–ಬೆಂಗಳೂರು ದಶಪಥದಲ್ಲಿ ಹೆಚ್ಚಾಗಿ ಓಡಾಡುವವರಿಗೆ ಈ ಹತ್ತು ಕಿಲೋಮೀಟರಿನ ವ್ಯತ್ಯಾಸ ಎಂಜಿನ್ನಿಗೆ ದೊಡ್ಡ ಆರಾಮ.

ಆದರೆ ಕಡಕೊಳದವರ ದಾರಿ ಎರಡೂ ದಿಕ್ಕಿಗಿದೆ. ಮೈಸೂರಿನಿಂದ ಕಡಕೊಳದ ಮೂಲಕ ಸಾಗುವ ರಸ್ತೆ ನಂಜನಗೂಡು, ಗುಂಡ್ಲುಪೇಟೆ ದಾಟಿ ಒಂದು ಕವಲಾಗಿ ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಕವಲಾಗಿ ಸುಲ್ತಾನ್ ಬತ್ತೇರಿಯ ಮೂಲಕ ವಯನಾಡಿಗೆ ಹೋಗುತ್ತದೆ. 4.875 ಬಿಟ್ಟು 4.3 ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಪ್ರತಿ ಗೇರಿನಲ್ಲೂ ಶೇ 12ರಷ್ಟು ಇಳಿಯುತ್ತದೆ. ಐದು ಜನ ಕೂತು ಡಿಕ್ಕಿ ತುಂಬಿಸಿಕೊಂಡು ಮಸಿನಗುಡಿಯಿಂದ ಕಲ್ಲಟ್ಟಿಯ 36 ಹೇರ್‌ಪಿನ್ ಏರಬೇಕಾದಾಗ ಹಳೆಯ 1489 ಸಿಸಿ ಎಂಜಿನ್ನಿಗೆ ಅಷ್ಟು ಕೊರತೆ ತಡೆಯುವುದು ಕಷ್ಟ. ಇಳಿಯುವಾಗಲೂ ಎಂಜಿನ್ ಬ್ರೇಕು ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗಿ ಡ್ರಮ್ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಘಟ್ಟ ಹತ್ತುವ ಕಾರಿಗೆ ಅದರ ಮೂಲ ಅನುಪಾತವನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ದೃಢ ಅಭಿಪ್ರಾಯ. ಬಯಲು ರಸ್ತೆಯಲ್ಲೇ ಓಡುವ ಕಾರಾದರೆ ಸಣ್ಣ ಅಂಕಿಯತ್ತ ಹೋಗಬಹುದು.

ಅನುಪಾತ ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ ಎಂಬುದನ್ನೂ ನೆನಪಿಡಿ. ಅದರ ಕೇಬಲ್ ಹೊರಡುವುದು ಗೇರ್‌ಬಾಕ್ಸಿನಿಂದ. 4.875ಕ್ಕೆ ಹೊಂದಿಸಿದ ಮೀಟರ್ ಇಟ್ಟುಕೊಂಡು 4.3 ಹಾಕಿದರೆ ಮುಳ್ಳು 60 ತೋರಿಸುವಾಗ ಕಾರು ನಿಜವಾಗಿ 68ರಲ್ಲಿ ಓಡುತ್ತಿರುತ್ತದೆ. ದಂಡದ ಮಾತು ಹಾಗಿರಲಿ, ಊರೊಳಗೆ ಬರುವಾಗ ಇದು ಅಪಾಯ.

ನಿಮ್ಮ ಕಾರಿನಲ್ಲಿ ಈಗಿರುವ ಅನುಪಾತವನ್ನು ಏನೂ ಬಿಚ್ಚದೆ ತಿಳಿಯಬಹುದು. ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಚಕ್ರಗಳಿಗೆ ಭದ್ರವಾಗಿ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡ್ ಕೊಡಿ. ಪ್ರಾಪೆಲ್ಲರ್ ಶಾಫ್ಟಿಗೂ ಟೈರಿಗೂ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿ. ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ 20 ಸುತ್ತು ತಿರುಗಿಸಿ. ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಒಂದು ಚಕ್ರ ನೆಲಕ್ಕೆ ಕಚ್ಚಿರುವುದರಿಂದ ಕ್ರೌನ್ ವೀಲ್ ಅರ್ಧದಷ್ಟೇ ಅಂದರೆ 10 ಸುತ್ತು ತಿರುಗಿರುತ್ತದೆ. ಶಾಫ್ಟ್ ಸುಮಾರು 48 ಮುಕ್ಕಾಲು ಸುತ್ತಿದರೆ 4.875, 45 ಅರ್ಧ ಸುತ್ತಿದರೆ 4.56, ಸರಿಯಾಗಿ 43 ಸುತ್ತಿದರೆ 4.3. ಒಂದು ಚಕ್ರ ಎತ್ತಿಟ್ಟು ಎಂಜಿನ್ ಚಾಲೂ ಮಾಡಿ ಗೇರ್ ಹಾಕುವ ಸಾಹಸ ಮಾತ್ರ ಬೇಡ, ಕಾರು ಸ್ಟ್ಯಾಂಡಿನಿಂದ ಜಿಗಿಯುತ್ತದೆ.

ಗುಜರಿಯಲ್ಲಿ ಆರಿಸುವಾಗ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ನಿಮ್ಮದೇ ಊರಿನ ಹಳೆಯ ಟ್ಯಾಕ್ಸಿ ಮಾಲೀಕರ ಶೆಡ್ಡುಗಳಲ್ಲಿ ಹುಡುಕಿ. ಹೋಗುವಾಗ ನಿಮ್ಮ ಕಾರಿನ ಹಾಫ್ ಶಾಫ್ಟ್ (ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ದಂಡ) ಒಂದನ್ನು ಬಿಚ್ಚಿ ಜೊತೆಗೆ ಒಯ್ಯುವುದು ಉತ್ತಮ. ಒಯ್ಯಲಾಗದಿದ್ದರೆ ಅದರ ಒಳತುದಿಯ ಸ್ಪ್ಲೈನ್ (ಉದ್ದುದ್ದ ಹಲ್ಲು) ಎಣಿಸಿ ಬರೆದುಕೊಂಡು ಹೋಗಿ. ಈ ಕುಟುಂಬದಲ್ಲೇ ಮೊದಮೊದಲು 10 ಸ್ಪ್ಲೈನಿನವು, ಆಮೇಲೆ 25 ಸ್ಪ್ಲೈನಿನವು ಬಂದಿವೆ. ಒಂದು ಇನ್ನೊಂದರೊಳಗೆ ಹೋಗುವುದಿಲ್ಲ. ನೋಡಬೇಕಾದದ್ದು ಇಷ್ಟು:

1. ಕ್ರೌನ್ ಮತ್ತು ಪಿನಿಯನ್ ಮೇಲೆ ಕೊರೆದ ಜೋಡಿ ಸಂಖ್ಯೆಗಳು ಒಂದೇ ಇರಬೇಕು. ಬೇರೆಯಾಗಿದ್ದರೆ ಯಾರೋ ಬೆರಕೆ ಮಾಡಿದ್ದಾರೆ, ಬಿಟ್ಟುಬಿಡಿ.
2. ಹಲ್ಲಿನ ಮೇಲ್ಮೈ ನುಣುಪಾಗಿ, ಒಂದೇ ಬಣ್ಣದಲ್ಲಿ ಹೊಳೆಯಬೇಕು. ಸೂಜಿಮೊನೆಯ ಗುಳಿ, ಅಂಚಿನ ಚಕ್ಕೆ, ನೀಲಿಗಟ್ಟಿದ ಗುರುತು ಇದ್ದರೆ ಬೇಡ. ತುಕ್ಕು ಹಿಡಿದ ಹಲ್ಲನ್ನು ಉಜ್ಜಿ ತೋರಿಸಿದರೂ ಬೇಡ.
3. ಪಿನಿಯನ್ ಫ್ಲಾಂಜ್ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ. ಒಂದಿಷ್ಟೂ ಅಲುಗಬಾರದು.
4. ಕ್ರೌನ್ ವೀಲನ್ನು ಗಟ್ಟಿಯಾಗಿ ಹಿಡಿದು ಫ್ಲಾಂಜನ್ನು ಹಗುರವಾಗಿ ತಿರುಗಿಸಿ. ಸ್ವಲ್ಪ ಆಟ ಇರಲೇಬೇಕು. ಹಲ್ಲಿನ ಮೇಲೆ ಡಯಲ್ ಗೇಜಿನಲ್ಲಿ ಅಳೆದರೆ ಸುಮಾರು 0.1ರಿಂದ 0.2 ಮಿ.ಮೀ. ಬರಬೇಕು. ಕ್ರೌನ್ ವೀಲಿನ ಮೇಲೆ ಆಟದ ಅಳತೆಯನ್ನು ಕೆತ್ತಿದ್ದರೆ ಅದೇ ಅಂತಿಮ.
5. ನಿಧಾನಕ್ಕೆ ಪೂರ್ತಿ ಹಲವು ಸುತ್ತು ತಿರುಗಿಸಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿಗಿಯಾದರೆ ಕ್ರೌನ್ ಬಾಗಿದೆ ಎಂದರ್ಥ.
6. ಫ್ಲಾಂಜಿನ ನಾಲ್ಕು ತೂತುಗಳು ನಿಮ್ಮ ಶಾಫ್ಟಿನ ಫ್ಲಾಂಜಿಗೆ ಕೂರುತ್ತವೆಯೇ ನೋಡಿ. ಕ್ಯಾರಿಯರ್ ಸುತ್ತಲಿನ ಸ್ಟಡ್ ತೂತುಗಳನ್ನು ಒಂದು ರಟ್ಟಿನ ಮೇಲೆ ಗುರುತಿಸಿಕೊಂಡು ಹೋಗಿದ್ದರೆ ಅದನ್ನೂ ಹೋಲಿಸಿ.

ಅಂಗಡಿಯವರು ಒಪ್ಪಿದರೆ ಹಲ್ಲಿಗೆ ಪ್ರಷ್ಯನ್ ಬ್ಲೂ ತೆಳುವಾಗಿ ಸವರಿ ತಿರುಗಿಸಿ ನೋಡಿ. ಬಣ್ಣ ಒರೆಸಿಹೋದ ಗುರುತು ಹಲ್ಲಿನ ನಡುಭಾಗದಲ್ಲಿದ್ದರೆ ಒಳ್ಳೆಯದು. ತುದಿಗೋ ಬುಡಕ್ಕೋ ಸರಿದಿದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ಎಣ್ಣೆ ಜಿಡ್ಡು ಮೆತ್ತಿಕೊಂಡ, ಕಾರಿನಿಂದ ನಿಮ್ಮೆದುರೇ ಬಿಚ್ಚಿದ ಕ್ಯಾರಿಯರ್, ತೊಳೆದು ಬಣ್ಣ ಬಳಿದದ್ದಕ್ಕಿಂತ ನಂಬಿಕೆಗೆ ಯೋಗ್ಯ.

ಜಾಕಿ ಎತ್ತುವ ಮುನ್ನ

ಇಲ್ಲಿ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಈ ಕೆಲಸದಲ್ಲಿ ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಇಲ್ಲದಿದ್ದರೆ ಡ್ರಮ್ ಬರುವುದಿಲ್ಲ. ಹಿಂದಿನ ಚಕ್ರಗಳು ಗಾಳಿಯಲ್ಲಿರುತ್ತವೆ. ಪ್ರಾಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿಟ್ಟರೂ ಪ್ರಯೋಜನವಿಲ್ಲ. ಅಂದರೆ ಕಾರನ್ನು ಉರುಳದಂತೆ ಹಿಡಿದಿರುವುದು ಮುಂದಿನ ಚಕ್ರಗಳ ಹಿಂದೆ ಮುಂದೆ ನೀವು ಕೊಟ್ಟ ಅಡ್ಡಗಳು ಮಾತ್ರ. ನಾಲ್ಕೂ ಅಡ್ಡಗಳು ಗಟ್ಟಿ ಮರದವಾಗಿರಲಿ. ನೆಲ ಸಮತಟ್ಟಾಗಿ ಗಟ್ಟಿಯಾಗಿರಲಿ, ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಸಿ. ಇಟ್ಟಿಗೆ, ಹಾಲೋ ಬ್ಲಾಕ್, ಚಕ್ರದ ಡಿಸ್ಕು ಇವುಗಳ ಮೇಲೆ ಕಾರು ನಿಲ್ಲಿಸಿ ಕೆಳಗೆ ತೂರಬೇಡಿ. ಬರೀ ಜಾಕಿಯ ಮೇಲಂತೂ ಬೇಡವೇ ಬೇಡ.

ಪಾನಾ ವಿಷಯ. ಈ ಆಕ್ಸಲ್ಲಿನ ನಟ್ಟು ಬೋಲ್ಟುಗಳು ಬಹುಪಾಲು ಇಂಚಿನ ಅಳತೆಯವು. ಅರ್ಧ ಇಂಚಿನ ತಲೆ 12.7 ಮಿ.ಮೀ. ಇರುತ್ತದೆ. 13ರ ಪಾನಾ ಮೇಲ್ನೋಟಕ್ಕೆ ಕೂತಂತೆ ಕಂಡರೂ ಜೋರು ಕೊಟ್ಟ ಕೂಡಲೇ ಮೂಲೆ ಸವರಿಹೋಗುತ್ತದೆ. 7/16, 1/2, 9/16 ಇಂಚಿನ ರಿಂಗ್ ಪಾನಾ ಮತ್ತು ಸಾಕೆಟ್ ಹೊಂದಿಸಿಕೊಂಡೇ ಕೆಲಸಕ್ಕೆ ಇಳಿಯಿರಿ. ಜೊತೆಗೆ ಎರಡನೆಯ ಜಾಕಿ, ಹೊಸ ಪೇಪರ್ ಗ್ಯಾಸ್ಕೆಟ್‌ಗಳು, ಎಣ್ಣೆ ಹಿಡಿಯುವ ಅಗಲ ಬಾಂಡ್ಲಿ, ಒಬ್ಬ ಸಹಾಯಕ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಡಿ.

ಬಿಚ್ಚುವ ಕ್ರಮ

1. ಕಾರನ್ನು ನಾಲ್ಕೈದು ಕಿಲೋಮೀಟರ್ ಓಡಿಸಿ ತನ್ನಿ. ಬೆಚ್ಚಗಿನ ಎಣ್ಣೆ ಪೂರ್ತಿ ಇಳಿಯುತ್ತದೆ. ಅಡ್ಡ ಕೊಟ್ಟು, ಚಕ್ರದ ನಟ್ಟು ಸಡಿಲಿಸಿ, ಹಿಂಭಾಗ ಎತ್ತಿ, ಆಕ್ಸಲ್ ಕೊಳವೆಯ ಕೆಳಗೆ ಎರಡೂ ಕಡೆ ಪಟ್ಟಾ ಸ್ಪ್ರಿಂಗಿನ ಹತ್ತಿರ ಸ್ಟ್ಯಾಂಡ್ ಕೊಡಿ. ಕಾರನ್ನು ಕೈಯಿಂದ ತಳ್ಳಿ, ಅಲುಗದೆಂದು ಖಚಿತವಾದ ಮೇಲೆ ಚಕ್ರ ತೆಗೆಯಿರಿ.

2. ಎಣ್ಣೆ ತುಂಬುವ ಪ್ಲಗ್ ಮೊದಲು ಬಿಚ್ಚಿ, ಆಮೇಲೆ ಇಳಿಸುವ ಪ್ಲಗ್. ತುಂಬುವ ಪ್ಲಗ್ ಜಾಮ್ ಆಗಿದ್ದು ಎಣ್ಣೆ ಇಳಿಸಿಬಿಟ್ಟರೆ ಕಾರು ಅಲ್ಲೇ ಕೂರುತ್ತದೆ.

3. ಪ್ರಾಪೆಲ್ಲರ್ ಶಾಫ್ಟಿನ ಫ್ಲಾಂಜ್ ಮತ್ತು ಪಿನಿಯನ್ ಫ್ಲಾಂಜ್ ಎರಡಕ್ಕೂ ಸೇರುವಂತೆ ಉಳಿಯಿಂದ ಒಂದು ಗುರುತು ಹಾಕಿ. ನಾಲ್ಕು ಬೋಲ್ಟು ಬಿಚ್ಚಿ ಶಾಫ್ಟನ್ನು ತಂತಿಯಿಂದ ಪಕ್ಕಕ್ಕೆ ಎತ್ತಿ ಕಟ್ಟಿ, ತೂಗಾಡಲು ಬಿಡಬೇಡಿ.

4. ಬ್ರೇಕ್ ಅಡ್ಜಸ್ಟರ್ ಸಡಿಲಿಸಿ, ಡ್ರಮ್ ಹಿಡಿದಿರುವ ಸ್ಕ್ರೂ ತೆಗೆದು ಡ್ರಮ್ ಎಳೆಯಿರಿ. ಬರದಿದ್ದರೆ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಡ್ರಮ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರಿ, ಇಲ್ಲದ ಕೆಲಸ ತಲೆಗೆ ಬರುತ್ತದೆ.

5. ಈಗ ಹಾಫ್ ಶಾಫ್ಟಿನ ಫ್ಲಾಂಜ್ ಕಾಣುತ್ತದೆ. ಅದನ್ನು ಹಿಡಿದಿರುವ ಸ್ಕ್ರೂ ಬಿಚ್ಚಿ ಶಾಫ್ಟನ್ನು ನೇರವಾಗಿ ಹೊರಕ್ಕೆ ಎಳೆಯಿರಿ. ಹಳೆಯ ಬಿಎಂಸಿ ಆಕ್ಸಲ್ಲಿನ ಹಿರಿಮೆ ಇದು: ಹಬ್ಬೂ ಅದರ ಬೇರಿಂಗೂ ಕೊಳವೆಯ ಮೇಲೇ ಉಳಿಯುತ್ತವೆ, ಅವನ್ನು ಮುಟ್ಟುವ ಅಗತ್ಯವಿಲ್ಲ. ಒಳತುದಿ ಡಿಫರೆನ್ಷಿಯಲ್ಲಿನಿಂದ ಪೂರ್ತಿ ಬಿಡುವಷ್ಟು ಎಳೆದರೆ ಸಾಕಾದರೂ, ಹೊರಗೇ ತೆಗೆದು ಸ್ಪ್ಲೈನ್ ಸವೆತ, ತಿರುಚು ನೋಡುವುದು ಒಳ್ಳೆಯದು. ಎಡ ಬಲ ಗುರುತು ಮಾಡಿಡಿ. ವರ್ಷಗಟ್ಟಲೆ ಒಂದೇ ದಿಕ್ಕಿನ ತಿರುಚಿಗೆ ಪಳಗಿದ ಶಾಫ್ಟನ್ನು ಅದೇ ಬದಿಗೆ ಹಾಕಬೇಕು. (ಪ್ರೀಮಿಯರ್ ಪದ್ಮಿನಿಯವರು ಈ ಹಂತವನ್ನು ಹಾಗೇ ಅನುಸರಿಸಬೇಡಿ. ಅದರಲ್ಲಿ ಶಾಫ್ಟ್ ಬೇರಿಂಗ್ ಸಮೇತ ಹೊರಬರುತ್ತದೆ, ಎಳೆಯುವ ಸಾಧನ ಬೇಕು.)

6. ಕ್ಯಾರಿಯರ್ ಕೆಳಗೆ ಎರಡನೆಯ ಜಾಕಿಯನ್ನು ಮರದ ತೊಟ್ಟಿಲಿನ ಸಮೇತ ತನ್ನಿ. ಇದು ಮಲಗಿಕೊಂಡು ಎದೆಯ ಮೇಲೆ ಇಳಿಸಿಕೊಳ್ಳುವ ತೂಕವಲ್ಲ. ಸುತ್ತಲಿನ ನಟ್ಟುಗಳನ್ನು ಬಿಚ್ಚಿ, ಮೇಲಿನ ಎರಡನ್ನು ಮಾತ್ರ ಕೊನೆಯ ಎಳೆಯಲ್ಲಿ ಉಳಿಸಿ. ಕ್ಯಾರಿಯರ್ ಸಡಿಲಗೊಂಡು ಜಾಕಿಯ ಮೇಲೆ ಭಾರ ಕೂತ ಮೇಲೆ ಆ ಎರಡನ್ನೂ ತೆಗೆದು, ಮುಂದಕ್ಕೆ ನೇರವಾಗಿ ಎಳೆಯಿರಿ. ಕೂಡಿದ ಮುಖಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಲಿ ಬಿದ್ದ ಗೀರು ಮುಂದೆ ಎಣ್ಣೆ ಸೋರುವ ದಾರಿ.

ಕೂರಿಸುವ ಕ್ರಮ

ಖಾಲಿ ಹೌಸಿಂಗಿನ ತಳದಲ್ಲಿ ಕಪ್ಪು ಗಸಿ, ಲೋಹದ ಪುಡಿ ಇರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಿಂದ ಕೊಳವೆಯ ಒಳಗಿನವರೆಗೂ ಒರೆಸಿ. ಇದಕ್ಕೆ ಅರ್ಧ ಗಂಟೆ ಹೋದರೂ ಬೇಸರ ಬೇಡ, ಹೊಸ ಬೇರಿಂಗಿನ ಆಯುಸ್ಸು ಇಲ್ಲೇ ತೀರ್ಮಾನವಾಗುವುದು. ಆಕ್ಸಲ್ ಮೇಲಿರುವ ಪುಟ್ಟ ಬ್ರೀದರನ್ನೂ ಬಿಚ್ಚಿ ಊದಿ ನೋಡಿ. ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಆ ಒತ್ತಡ ಎಣ್ಣೆಯನ್ನು ಹಬ್ ಸೀಲಿನ ಮೂಲಕ ಬ್ರೇಕ್ ಶೂಗಳ ಮೇಲೆ ತಳ್ಳುತ್ತದೆ. ಸೀಲು ಮೇಲಿಂದ ಮೇಲೆ ಬದಲಿಸಿಯೂ ಸೋರಿಕೆ ನಿಲ್ಲದ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

1. ಹೊಸ ಕ್ಯಾರಿಯರ್‌ನ ಪಿನಿಯನ್ ಸೀಲು ಗಟ್ಟಿಯಾಗಿದ್ದರೆ ಕಾರಿಗೆ ಹತ್ತಿಸುವ ಮುನ್ನವೇ ಬದಲಿಸಿ. ಬಿಚ್ಚುವಾಗ ನಟ್ಟು, ಫ್ಲಾಂಜ್, ಪಿನಿಯನ್ ಮೂರಕ್ಕೂ ಒಂದೇ ಗೆರೆ ಎಳೆದು, ಮತ್ತೆ ಅದೇ ಗೆರೆಗೆ ತನ್ನಿ. ಬಿಗಿ ಕಡಿಮೆಯಾದರೆ ಪಿನಿಯನ್ ಅಲುಗುತ್ತದೆ, ಹೆಚ್ಚಾದರೆ ಬೇರಿಂಗ್ ಸುಡುತ್ತದೆ.
2. ಎರಡೂ ಮುಖ ಒಣಗಿಸಿ ಹೊಸ ಗ್ಯಾಸ್ಕೆಟ್ ಇಡಿ. ಸೀಲೆಂಟ್ ಹಾಕುವುದಾದರೆ ತೆಳುವಾದ ಪೊರೆಯಷ್ಟೇ.
3. ಕ್ಯಾರಿಯರನ್ನು ಜಾಕಿಯ ಮೇಲೆ ಎತ್ತಿ ಸ್ಟಡ್‌ಗಳಿಗೆ ನೇರವಾಗಿ ತಳ್ಳಿ. ನಟ್ಟು ಬಿಗಿ ಮಾಡುತ್ತ ಅದನ್ನು ಒಳಗೆ ಎಳೆಯಬೇಡಿ. ಮುಖ ಕೂತ ಮೇಲೆ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ.
4. ಹಾಫ್ ಶಾಫ್ಟಿನ ಫ್ಲಾಂಜಿಗೆ ಹೊಸ ಗ್ಯಾಸ್ಕೆಟ್, ರಬ್ಬರ್ ರಿಂಗ್ ಇದ್ದರೆ ಅದೂ ಹೊಸದು. ಸ್ಪ್ಲೈನ್ ಕೂಡದಿದ್ದರೆ ಶಾಫ್ಟನ್ನು ಸ್ವಲ್ಪ ತಿರುಗಿಸುತ್ತ ತಳ್ಳಿ, ಸುತ್ತಿಗೆ ಬಳಸಬೇಡಿ.
5. ಡ್ರಮ್ ಹಾಕುವ ಮುನ್ನ ಎರಡೂ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಪಿನಿಯನ್ ಫ್ಲಾಂಜ್ ತಡೆಯಿಲ್ಲದೆ ತಿರುಗಬೇಕು. ಒಂದು ಶಾಫ್ಟ್ ಹಿಡಿದು ಇನ್ನೊಂದನ್ನು ತಿರುಗಿಸಿ ಅನುಪಾತವನ್ನು ಮತ್ತೊಮ್ಮೆ ಎಣಿಸಿಬಿಡಿ.
6. ಪ್ರಾಪೆಲ್ಲರ್ ಶಾಫ್ಟಿಗೆ ಮೂಲ ಬೋಲ್ಟುಗಳನ್ನೇ ಬಳಸಿ, ಲಾಕ್ ನಟ್ಟು ಹೊಸದಾಗಿರಲಿ. ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟು ಈ ಜಾಗದ ತಿರುಚನ್ನು ತಡೆಯುವುದಿಲ್ಲ. ಬೇರೆ ಕ್ಯಾರಿಯರ್ ಬಂದಿರುವುದರಿಂದ ಹಳೆಯ ಗುರುತು ಹೊಸ ಫ್ಲಾಂಜಿನಲ್ಲಿಲ್ಲ. ಓಡಿಸಿದಾಗ ನಡುಕ ಬಂದರೆ ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಜೋಡಿಸಿ ನೋಡಿ.

ಎಣ್ಣೆಯಲ್ಲಿ ರಾಜಿ ಬೇಡ

ಈ ಪಿನಿಯನ್ ಕ್ರೌನ್ ವೀಲಿನ ನಡುಗೆರೆಗಿಂತ ಕೆಳಗೆ ಕೂರುತ್ತದೆ. ಇದಕ್ಕೆ ಹೈಪಾಯ್ಡ್ ಜೋಡಣೆ ಎನ್ನುತ್ತಾರೆ. ಸದ್ದು ಕಡಿಮೆ, ಶಾಫ್ಟ್ ಕೆಳಗಿಳಿಯುವುದರಿಂದ ಕಾರಿನ ನೆಲವೂ ತಗ್ಗುತ್ತದೆ. ಆದರೆ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಜಾರಿಕೆಯಲ್ಲಿ ಸಾಮಾನ್ಯ ಎಣ್ಣೆಯ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಆದ್ದರಿಂದ ಜಿಎಲ್-5 ದರ್ಜೆಯ, 90 ಅಥವಾ 80ಡಬ್ಲ್ಯೂ-90 ಗೇರ್ ಎಣ್ಣೆಯನ್ನೇ ಹಾಕಿ. ಜಿಎಲ್-4 ಸಾಲದು, ಎಂಜಿನ್ ಆಯಿಲ್ ಅಂತೂ ಸಲ್ಲದು. ಉಳಿದ ಜಿಎಲ್-5 ಎಣ್ಣೆಯನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ, ಅದರ ಸೇರ್ಪಡೆಗಳು ಒಳಗಿನ ಹಿತ್ತಾಳೆಯ ಭಾಗಗಳಿಗೆ ಒಗ್ಗುವುದಿಲ್ಲ.

ಕಾರು ಮುಂದೆ ಹಿಂದೆ ಸಮಮಟ್ಟದಲ್ಲಿರುವಾಗ ತುಂಬುವ ತೂತಿನ ಅಂಚಿನಿಂದ ಎಣ್ಣೆ ಜಿನುಗುವವರೆಗೆ ತುಂಬಿ, ಹೆಚ್ಚಿನದು ಹರಿದು ನಿಂತ ಮೇಲೆ ಪ್ಲಗ್ ಹಾಕಿ. ಹಿಂಭಾಗ ಎತ್ತಿಟ್ಟುಕೊಂಡೇ ತುಂಬಿದರೆ ಮಟ್ಟ ತಪ್ಪುತ್ತದೆ. ‘ಸ್ವಲ್ಪ ಜಾಸ್ತಿಯೇ ಇರಲಿ’ ಎಂದು ಹಾಕಿದ ಎಣ್ಣೆ ಬ್ರೇಕ್ ಡ್ರಮ್ ಸೇರುತ್ತದೆ.

ಮೇಲಿಂದ ಮೇಲೆ ಕಾಣುವ ತಪ್ಪುಗಳು

ಸದ್ದು ಕಡಿಮೆಯಾಗಲೆಂದು ಪಿನಿಯನ್ ನಟ್ಟನ್ನು ಇನ್ನೆರಡು ಎಳೆ ಬಿಗಿ ಮಾಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಒಂದೆರಡು ದಿನ ಸದ್ದು ಅಡಗುತ್ತದೆ, ಆಮೇಲೆ ಬೇರಿಂಗ್ ಕಚ್ಚಿಕೊಂಡು ಹಿಂದಿನ ಚಕ್ರಗಳು ಓಡುವಾಗಲೇ ಲಾಕ್ ಆಗಬಹುದು. ಎರಡನೆಯದು, ಸದ್ದು ಮುಚ್ಚಲು ದಪ್ಪ ಗ್ರೀಸು, ಮರದ ಹೊಟ್ಟು ತುಂಬಿ ಮಾರುವವರ ಕ್ಯಾರಿಯರ್ ಕೊಳ್ಳುವುದು. ಎಣ್ಣೆಯೊಳಗೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ಮೂರನೆಯದು, ಸೀಲೆಂಟ್ ಧಾರಾಳವಾಗಿ ಬಳಿಯುವುದು. ಒಳಕ್ಕೆ ಉಬ್ಬಿ ಕಿತ್ತುಬಂದ ತುಣುಕುಗಳು ಎಣ್ಣೆಯಲ್ಲಿ ಸೇರಿ ಬೇರಿಂಗಿಗೆ ಹೋಗುತ್ತವೆ.

ಮೊದಲ ಓಟ

ಮೊದಲ ಸಲ ಊರಿನ ಒಳರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಸಾಕು. ನಿಲ್ಲಿಸಿ, ಹೌಸಿಂಗಿಗೆ ಅಂಗೈ ತಾಗಿಸಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಮುಂದಕ್ಕೆ ಹೋಗಬೇಡಿ. ಗ್ಯಾಸ್ಕೆಟ್ ಸುತ್ತ, ಪಿನಿಯನ್ ಸೀಲು, ಡ್ರಮ್ಮಿನ ಹಿಂಬದಿ ಒಣಗಿವೆಯೇ ನೋಡಿ. ಸರಿಯಿದ್ದರೆ ನಂಜನಗೂಡಿನವರೆಗೆ ಹೋಗಿ ಬನ್ನಿ. ಕಡಕೊಳದ ಕೈಗಾರಿಕಾ ಪ್ರದೇಶ ಮತ್ತು ಕಂಟೇನರ್ ಡಿಪೊದಿಂದಾಗಿ ಈ ರಸ್ತೆಯಲ್ಲಿ ಭಾರಿ ಲಾರಿಗಳು ಹೆಚ್ಚು. ಕಿವಿಗೊಟ್ಟು ಓಡಿಸಬೇಕಾದ ದಿನಕ್ಕೆ ಭಾನುವಾರದ ಮುಂಜಾನೆ ಒಳ್ಳೆಯ ಹೊತ್ತು. ಬ್ರೇಕ್ ಅಡ್ಜಸ್ಟರನ್ನು ಸಡಿಲಿಸಿ ಮತ್ತೆ ಹೊಂದಿಸಿರುವುದರಿಂದ ವೇಗ ಹಿಡಿಯುವ ಮುನ್ನ ಎರಡು ಮೂರು ಸಲ ಒತ್ತಿ ಪರೀಕ್ಷಿಸಿ.

ಮೊದಲ 300 ಕಿ.ಮೀ. ಗಡಿಬಿಡಿಯ ಎಳೆತ, ಪೂರ್ತಿ ಭಾರ, ಘಟ್ಟದ ಏರು ಬೇಡ. 500 ಕಿ.ಮೀ. ಆದ ಮೇಲೆ ಎಣ್ಣೆ ಇಳಿಸಿ ಹೊಸದು ತುಂಬಿ, ನಟ್ಟುಗಳ ಬಿಗಿಯನ್ನು ಒಮ್ಮೆ ನೋಡಿ. ಇಳಿಸಿದ ಎಣ್ಣೆಯಲ್ಲಿ ಬೂದಿಯಂಥ ನಯವಾದ ಪುಡಿ ಕಂಡರೆ ಸಹಜ, ಹೊಳೆಯುವ ಚೂರುಗಳು ಸಹಜವಲ್ಲ.

ಕಾಗದಪತ್ರದ ಮಾತೂ ಒಂದಿದೆ. ಅದೇ ಮಾದರಿಯ ಕ್ಯಾರಿಯರ್ ಬದಲಿಸಿದರೆ ಅದು ದುರಸ್ತಿ, ಮಾರ್ಪಾಡಲ್ಲ. ಆದರೆ ಬೇರೆ ಕಾರಿನ ಆಕ್ಸಲ್ ಕತ್ತರಿಸಿ ಬೆಸುಗೆ ಹಾಕಿ ಕೂರಿಸುವ ಯೋಚನೆಯಿದ್ದರೆ ಸಾರಿಗೆ ಕಚೇರಿಯನ್ನು ಕೇಳದೆ ಮುಂದುವರಿಯಬೇಡಿ. 50 ವರ್ಷ ದಾಟಿದ ಕಾರನ್ನು 2021ರ ನಿಯಮದಡಿ ವಿಂಟೇಜ್ ವಾಹನವಾಗಿ ನೋಂದಾಯಿಸುವ ಆಸೆಯಿರುವವರಿಗೂ ಮೂಲ ರೂಪ ಉಳಿಸಿಕೊಳ್ಳುವುದು ಮುಖ್ಯ. ಕ್ಯಾರಿಯರ್ ಕೊಂಡ ರಸೀತಿ, ಬಿಚ್ಚುವಾಗ ತೆಗೆದ ಫೋಟೊಗಳನ್ನು ಆರ್‌ಸಿ ಜೊತೆಗೇ ಇಟ್ಟುಕೊಳ್ಳಿ.

ಇಳಿಸಿದ ಎಣ್ಣೆಯನ್ನು ಚರಂಡಿಗಾಗಲಿ, ಗದ್ದೆಯ ಬದುವಿಗಾಗಲಿ ಸುರಿಯಬೇಡಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿ, ಬಳಸಿದ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಹಳೆಯ ಕ್ಯಾರಿಯರನ್ನು ಮಾತ್ರ ತೂಕಕ್ಕೆ ಹಾಕಿಬಿಡಬೇಡಿ. ಅದರ ಹಲ್ಲು ಸವೆದಿದ್ದರೂ ಎರಕ, ಫ್ಲಾಂಜ್, ಒಳಗಿನ ಪುಟ್ಟ ಗೇರುಗಳು ಇನ್ನೊಬ್ಬರಿಗೆ ಬೇಕಾಗುತ್ತವೆ. ತೊಳೆದು, ದಪ್ಪ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಲ್ಲಿನ ಸಂಖ್ಯೆ ಮತ್ತು ಸ್ಪ್ಲೈನ್ ಸಂಖ್ಯೆ ಬರೆದ ಚೀಟಿ ಕಟ್ಟಿ ನೆಲದಿಂದ ಮೇಲೆ ಒಣ ಜಾಗದಲ್ಲಿಡಿ.